ಎರಡು ಗುಡ್ಡದ ನಡುವಿನ ಸೂರ್ಯ

ಕಲಾ ಪ್ರಶ್ನೋತ್ತರ: ಈ ಸಲ ಪಾಪ್ ಕಲೆ ಮತ್ತು ನಿಸರ್ಗಚಿತ್ರ

ನಿಸರ್ಗಚಿತ್ರ ಬರೀರಿ ಅಂದರೆ ಹೈಸ್ಕೂಲ್ ಮಕ್ಕಳೆಲ್ಲ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬದಿಗೊಂದು ತೆಂಗಿನ ಮರ, ಗುಡಿಸಲು ಬರೆದು ತರುತ್ತಾರೆ. ನಮ್ಮೂರ ಸುತ್ತ ಇರುವುದು ಎರಿ ಹೊಲ. ಇತ್ತ ಪಾಪ್ ಆರ್ಟ್ ಎಂದರೆ ಸೂಪಿನ ಡಬ್ಬಿ, ಸಿನಿಮಾ ನಟಿಯ ಮುಖ ಎಂದಷ್ಟೇ ಕೇಳಿದ್ದೇವೆ. ಅದರಲ್ಲಿ ನಿಸರ್ಗಕ್ಕೆ ಜಾಗ ಇದೆಯೇ?
— ಚಿತ್ರಕಲಾ ಶಿಕ್ಷಕರು, ಶಿಗ್ಗಾವಿ ತಾಲ್ಲೂಕು

ನಿಮ್ಮ ಪ್ರಶ್ನೆಯ ಮೊದಲ ಅರ್ಧದಲ್ಲೇ ಎರಡನೆಯ ಅರ್ಧದ ಉತ್ತರ ಇದೆ. ಆ ಮಕ್ಕಳು ಬರೆಯುತ್ತಿರುವುದು ಗುಡ್ಡವನ್ನಲ್ಲ, ಗುಡ್ಡದ ಚಿತ್ರವನ್ನು. ಕ್ಯಾಲೆಂಡರ್, ನೋಟ್‌ಬುಕ್ಕಿನ ರಟ್ಟು, ಲಾರಿಯ ಹಿಂಬದಿ, ಹೋಟೆಲಿನ ಗೋಡೆ, ಬೆಂಕಿಪೊಟ್ಟಣ ಹೀಗೆ ಎಲ್ಲೆಲ್ಲೋ ಅಚ್ಚಾಗಿ ಕಣ್ಣಿಗೆ ರೂಢಿಯಾದ ಒಂದು ಚಿತ್ರ ಅದು. ನಿಸರ್ಗಕ್ಕೂ ನಮ್ಮ ಕಣ್ಣಿಗೂ ನಡುವೆ ಅಚ್ಚಿನ ಚಿತ್ರವೊಂದು ಬಂದು ನಿಂತಿದೆ ಎಂಬುದನ್ನು 1960ರ ದಶಕದಲ್ಲಿ ಗುರುತಿಸಿ, ಆ ಅಚ್ಚಿನ ಚಿತ್ರವನ್ನೇ ವಸ್ತುವಾಗಿ ಎತ್ತಿಕೊಂಡವರು ಪಾಪ್ ಕಲಾವಿದರು.

ಅಮೆರಿಕದ ರಾಯ್ ಲಿಕ್ಟನ್‌ಸ್ಟೀನ್ 1964ರ ಹೊತ್ತಿಗೆ ಭೂದೃಶ್ಯ ಬರೆಯತೊಡಗಿದರು. ಅವರ 1965ರ ‘ಸನ್‌ರೈಸ್’ ನೋಡಿ. ಕಾಮಿಕ್ಸ್ ಪುಸ್ತಕದ ಮೂಲೆಯಲ್ಲಿ ಕಾಣುವಂಥ ಸೂರ್ಯ, ದಪ್ಪ ಕಪ್ಪು ಗೆರೆ, ಅಗ್ಗದ ಮುದ್ರಣದ ಚುಕ್ಕಿಗಳು. ಗಾಳಿಯಿಲ್ಲ, ಮಂಜಿಲ್ಲ, ಕುಂಚದ ಗುರುತೂ ಇಲ್ಲ. 1967ರಲ್ಲಿ ಅವರು ಹತ್ತು ಭೂದೃಶ್ಯಗಳ ಒಂದು ಮುದ್ರಣ ಮಾಲಿಕೆಯನ್ನೇ ತಂದರು. ಆ್ಯಂಡಿ ವಾರ್ಹಾಲ್ 1964ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ದಾಸವಾಳದ ಫೋಟೊ ಹಿಡಿದು ‘ಫ್ಲವರ್ಸ್’ ಮಾಲಿಕೆ ಮಾಡಿದರು. ಎಡ್ ರಷೇ ಪೆಟ್ರೋಲ್ ಬಂಕನ್ನು ಮುಂದಿಟ್ಟು, ಅದರ ಹಿಂದೆ ಸಿನಿಮಾ ಪೋಸ್ಟರಿನ ಆಕಾಶ ಎಳೆದರು. ಅಲನ್ ಡಿಆರ್ಕ್ಯಾಂಜಲೊಗೆ ನಿಸರ್ಗ ಎಂದರೆ ಕಾರಿನ ಗಾಜಿನಾಚೆ ಕಾಣುವ ಹೆದ್ದಾರಿ, ಬಿಳಿ ಪಟ್ಟಿ, ರಸ್ತೆ ಫಲಕ.

ನಿಮ್ಮ ತರಗತಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿಯ 1965ರ ‘ರಾಕಿ ಮೌಂಟನ್ಸ್ ಆ್ಯಂಡ್ ಟಯರ್ಡ್ ಇಂಡಿಯನ್ಸ್’. ರಾಕಿ ಪರ್ವತಗಳ ಮಗ್ಗುಲಲ್ಲೇ ಇರುವ ಬೌಲ್ಡರ್‌ನಲ್ಲಿ ಅವರು ಆಗ ಪಾಠ ಮಾಡುತ್ತಿದ್ದರು, ಆದರೆ ಅವರಿಗೆ ಸಿಕ್ಕ ಸ್ಟುಡಿಯೊಕ್ಕೆ ಕಿಟಕಿಯೇ ಇರಲಿಲ್ಲ. ಭೂವಿಜ್ಞಾನದ ಪತ್ರಿಕೆಗಳನ್ನೂ ತಮ್ಮ ಕಲ್ಪನೆಯನ್ನೂ ನೆಚ್ಚಿ ಪರ್ವತವನ್ನು ಪಟ್ಟೆಪಟ್ಟೆಯಾಗಿ ಬರೆದರು.

ತರಗತಿಯಲ್ಲಿ ಹೀಗೆ ಮಾಡಿಸಿ. ಪ್ರತಿ ಮಗುವೂ ಮನೆಯಿಂದ ಅಚ್ಚಾದ ಒಂದು ನಿಸರ್ಗದ ಚಿತ್ರ ತರಲಿ: ಬಿಸ್ಕತ್ತಿನ ಪೊಟ್ಟಣ, ಬೀಜದ ಚೀಲ, ಹಳೇ ಕ್ಯಾಲೆಂಡರ್ ಏನಾದರೂ ನಡೆದೀತು. ಅದರಲ್ಲಿ ಎಷ್ಟು ಬಣ್ಣ ಇವೆ, ಗೆರೆ ಎಷ್ಟು ದಪ್ಪ, ನೆರಳನ್ನು ಹೇಗೆ ತೋರಿಸಿದ್ದಾರೆ ಎಂದು ಬರೆದಿಡಲಿ. ಭೂತಗನ್ನಡಿಯಲ್ಲಿ ಚುಕ್ಕಿ ನೋಡಲಿ. ಆಮೇಲೆ ಅದೇ ಬಣ್ಣ, ಅದೇ ಗೆರೆಯಲ್ಲಿ ತಮ್ಮೂರ ಎರಿ ಹೊಲ ಬರೆಯಲಿ. ಎರಿ ಹೊಲದ ದೃಶ್ಯ ಮೂರೇ ಪಟ್ಟಿ: ಮೇಲೆ ಆಕಾಶ, ನಡುವೆ ಬೆಳೆಯ ಹಸಿರು ಅಥವಾ ಹಳದಿ, ಕೆಳಗೆ ಕಪ್ಪು ಮಣ್ಣು. ಪಾಪ್ ಶೈಲಿಗೆ ಇಷ್ಟು ಚಪ್ಪಟೆಯಾದ, ಇಷ್ಟು ಒಪ್ಪುವ ನೆಲ ಸಿಗುವುದು ಕಷ್ಟ. ನಾವು ಇದನ್ನು ತುಂಬಾ ಗಟ್ಟಿಯಾಗಿ ನಂಬುತ್ತೇವೆ.

ನೃಪತುಂಗ ಬೆಟ್ಟದಿಂದ ಕಾಣುವ ಹುಬ್ಬಳ್ಳಿಯನ್ನು ಲಿಕ್ಟನ್‌ಸ್ಟೀನ್ ಶೈಲಿಯಲ್ಲಿ ಬರೆಯಬೇಕು. ಕಂಪ್ಯೂಟರ್ ಬೇಡ, ಕೈಯಿಂದಲೇ. ಪೆನ್ಸಿಲ್ಲಿನ ಹಿಂಬದಿ ಅದ್ದಿ ಚುಕ್ಕಿ ಇಟ್ಟೆ, ಒಂದೊಂದು ಒಂದೊಂದು ಗಾತ್ರ ಬಂತು. ಸರಿಯಾದ ಕ್ರಮ ಯಾವುದು?
— ಕಲಾ ವಿದ್ಯಾರ್ಥಿನಿ, ಧಾರವಾಡ

ಲಿಕ್ಟನ್‌ಸ್ಟೀನ್‌ಗೂ ಮೊದಲು ಇದೇ ಕಷ್ಟ ಇತ್ತು. 1961ರ ‘ಲುಕ್ ಮಿಕ್ಕಿ’ ಚಿತ್ರದಲ್ಲಿ ಅವರು ನಾಯಿಯ ಕೂದಲು ಬಾಚುವ ಬ್ರಷ್ಷನ್ನೇ ಬಣ್ಣದಲ್ಲಿ ಅದ್ದಿ ಒತ್ತಿದ್ದರು. ಚುಕ್ಕಿ ಒಂದೇ ಸಮ ಬರಲಿಲ್ಲ. ಆಮೇಲೆ ತೂತು ಹಾಕಿದ ಲೋಹದ ತಗಡಿಗೆ ಬಂದರು. ನೀವೂ ಅಲ್ಲಿಂದಲೇ ಶುರು ಮಾಡಿ.

ತೂತಿನ ಅಲ್ಯೂಮಿನಿಯಂ ಪತ್ರಾ ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 1 ಮಿ.ಮೀ. ದಪ್ಪ, 3 ಮಿ.ಮೀ. ತೂತು, ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ 5 ಮಿ.ಮೀ. ಇರುವುದನ್ನು ಕೇಳಿ. ಸಾಲುಗಳು ನೆಟ್ಟಗೆ ಒಂದರ ಕೆಳಗೊಂದು ಇರಬಾರದು, ಒಂದು ಸಾಲಿನ ತೂತು ಮೇಲಿನ ಸಾಲಿನ ಎರಡು ತೂತುಗಳ ನಡುವೆ ಬರಬೇಕು. 20×30 ಸೆಂ.ಮೀ. ತುಂಡು ಸಾಕು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿಕೊಳ್ಳಿ, ಇಲ್ಲದಿದ್ದರೆ ಒಣಗಿದ ಬಣ್ಣಕ್ಕೆ ಗೀರು ಬೀಳುತ್ತದೆ. 2 ಮಿ.ಮೀ. ದಪ್ಪದ್ದು ಬೇಡ. ಕುಂಚದ ಕೂದಲು ತೂತಿನ ತಳದ ಅಂಚು ಮುಟ್ಟದೆ ಚುಕ್ಕಿ ಅರೆಬರೆ ಆಗುತ್ತದೆ.

ಈ ಅಳತೆಯ ಪತ್ರಾದಲ್ಲಿ ಬಣ್ಣ ಸುಮಾರು ಶೇ 33ರಷ್ಟು ಜಾಗ ಮುಚ್ಚುತ್ತದೆ. ಅಂತರ 5 ಮಿ.ಮೀ. ಹಾಗೇ ಇಟ್ಟು 2 ಮಿ.ಮೀ. ತೂತಿನದು ತಂದರೆ ಶೇ 15ರ ಹತ್ತಿರ, 4 ಮಿ.ಮೀ. ತೂತಿನದು ತಂದರೆ ಶೇ 58. ಆಕಾಶ ಕೆಳಗೆ ತಿಳಿಯಾಗಿ ಮೇಲೆ ಗಾಢವಾಗಬೇಕಿದ್ದರೆ ಈ ಮೂರೂ ಪತ್ರಾ ಬೇಕು. ಲಿಕ್ಟನ್‌ಸ್ಟೀನ್ ತಮ್ಮ ಕೊನೆಯ ವರ್ಷಗಳಲ್ಲಿ ಚೀನೀ ಶೈಲಿಯ ಭೂದೃಶ್ಯ ಬರೆದಾಗ ಚುಕ್ಕಿಯ ಗಾತ್ರ ಏರಿಸುತ್ತ ಇಳಿಸುತ್ತಲೇ ಮಂಜನ್ನು ತಂದರು. ತೂತಿನ ಗಾತ್ರ ಬದಲಾಗಲಿ, ಅಂತರ ಬದಲಾಗಬಾರದು. ಅಂತರ ತಪ್ಪಿದರೆ ಎರಡು ಪತ್ರಾ ಕೂಡುವಲ್ಲಿ ಹೊಲಿಗೆ ಬಿಟ್ಟಂತೆ ಒಂದು ಗೆರೆ ಎದ್ದು ಕಾಣುತ್ತದೆ.

ಹಲಗೆ 60×45 ಸೆಂ.ಮೀ. ಇರಲಿ. ಹಾರ್ಡ್‌ಬೋರ್ಡಿನ ನುಣುಪು ಮೈಗೆ ಬಿಳಿ ಅಕ್ರಿಲಿಕ್ ಪ್ರೈಮರ್ ಎರಡು ಸಲ ಹಚ್ಚಿ, ಒಣಗಿದ ಮೇಲೆ 320 ನಂಬರ್ ಉಸುಕು ಕಾಗದದಿಂದ ಉಜ್ಜಿ. ಕ್ಯಾನ್ವಾಸ್ ಬಳಸಿದರೆ ಅದು ಪತ್ರಾದ ಕೆಳಗೆ ಕುಣಿಯುತ್ತದೆ, ಚುಕ್ಕಿ ಹರಡುತ್ತದೆ.

ಮೊದಲು ಚಪ್ಪಟೆ ಬಣ್ಣಗಳು: ಗುಡ್ಡದ ಹಳದಿ, ಊರಿನ ಬಿಳಿ. ಅವು ಪೂರ್ತಿ ಒಣಗಿದ ಮೇಲೆ ಚುಕ್ಕಿ. ಕೊನೆಗೆ ಕಪ್ಪು ಗೆರೆ. ಈ ಕ್ರಮ ಅದಲುಬದಲಾದರೆ ಕೆಲಸ ಕೆಡುತ್ತದೆ, ಯಾಕೆಂದರೆ ಚುಕ್ಕಿಯ ಅಂಚಿನ ತಪ್ಪುಗಳನ್ನು ಮುಚ್ಚುವುದೇ ಕಪ್ಪು ಗೆರೆ. ಗೆರೆ 5–6 ಮಿ.ಮೀ. ದಪ್ಪ ಇರಲಿ. ಚುಕ್ಕಿ ಬೀಳಬಾರದ ಜಾಗಕ್ಕೆ ಬಟರ್ ಪೇಪರ್ ಕತ್ತರಿಸಿ ಅಂಟಿಸುವಾಗ, ಮುಂದೆ ಬರಲಿರುವ ಗೆರೆಯ ನಟ್ಟನಡುವೆ ಅದರ ಅಂಚು ಬರುವಂತೆ ನೋಡಿಕೊಳ್ಳಿ. ಅರ್ಧ ಕತ್ತರಿಸಿದ ಚುಕ್ಕಿಗಳೆಲ್ಲ ಗೆರೆಯೊಳಗೆ ಅಡಗುತ್ತವೆ.

ಟ್ಯೂಬಿನ ಅಕ್ರಿಲಿಕ್‌ಗೆ ನೀರು ಬಹಳ ಅಂದರೆ ಹತ್ತರಲ್ಲಿ ಒಂದು ಪಾಲು. ಆಕಾಶದಷ್ಟು ಜಾಗಕ್ಕೆ 15–20 ಮಿ.ಲೀ. ಸಾಕು, ಅದರಲ್ಲೂ ಅರ್ಧ ಪತ್ರಾಕ್ಕೇ ಹತ್ತಿ ಹೋಗುತ್ತದೆ. ಗಡುಸು ಕೂದಲಿನ ದುಂಡು ಕುಂಚವನ್ನು ಬಣ್ಣದಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ನಾಲ್ಕು ಸಲ ಕುಟ್ಟಿ ಹೆಚ್ಚಿನದನ್ನು ತೆಗೆದು, ಪತ್ರಾದ ಮೇಲೆ ನೆಟ್ಟಗೆ ಕುಟ್ಟಿ. ಉಜ್ಜಬೇಡಿ. ಉಜ್ಜಿದರೆ ಬಣ್ಣ ಪತ್ರಾದ ಕೆಳಗೆ ನುಗ್ಗಿ ಚುಕ್ಕಿಗೆ ಬಾಲ ಬರುತ್ತದೆ. ಪತ್ರಾ ಎತ್ತುವಾಗ ಜಾರಿಸದೆ ಒಂದು ಬದಿಯಿಂದ ಬಾಗಿಲು ತೆರೆದಂತೆ ಎತ್ತಿ. ಒಣಗಿದ ಮೇಲೆ ಮುಂದಿನ ಜಾಗಕ್ಕೆ ಸರಿಸುವಾಗ, ಪತ್ರಾದ ಮೊದಲ ಎರಡು ಸಾಲು ತೂತು ಆಗಲೇ ಬಿದ್ದ ಚುಕ್ಕಿಗಳ ಮೇಲೆ ಕೂಡಬೇಕು. ಒಂದೊಂದು ಸಲ ಅರ್ಧ ಮಿ.ಮೀ. ತಪ್ಪಿದರೂ ಆರನೆಯ ಸಲಕ್ಕೆ ಸಾಲು 3 ಮಿ.ಮೀ. ವಾಲಿರುತ್ತದೆ. ಆದ್ದರಿಂದ ಹಲಗೆಯ ಮೇಲೆ 10 ಸೆಂ.ಮೀ.ಗೊಂದು ತೆಳು ಪೆನ್ಸಿಲ್ ಗೆರೆ ಎಳೆದುಕೊಂಡು ಅದಕ್ಕೂ ಹೊಂದಿಸಿ ನೋಡಿ.

ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಲ್ಲಿ ಅಕ್ರಿಲಿಕ್ ತೂತಿನಲ್ಲೇ ಒಣಗಿ, ಚುಕ್ಕಿ ಸಣ್ಣದಾಗುತ್ತ ಹೋಗುತ್ತದೆ. ಮೂರು ಸಲ ಒತ್ತಿದ ಮೇಲೆ ಪತ್ರಾವನ್ನು ನೀರಲ್ಲಿ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಇಡಿ. ಮುಂಜಾನೆ ಕೂತರೆ ಈ ತೊಂದರೆ ಅರ್ಧ ಕಡಿಮೆ.

ಉಣಕಲ್ ಕೆರೆಯ ನೀರು ಸಂಜೆ ಹೊಳೆಯುವುದನ್ನು ಪಾಪ್ ಶೈಲಿಯಲ್ಲಿ ತೋರಿಸುವುದು ಹೇಗೆ? ಚುಕ್ಕಿಯಲ್ಲಿ ಹೊಳಪು ಬರುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಬರುವುದಿಲ್ಲ. ಹೊಳಪನ್ನು ಬರೆಯಬೇಡಿ, ಅಂಟಿಸಿ. ಲಿಕ್ಟನ್‌ಸ್ಟೀನ್ ಸಮುದ್ರ ಮತ್ತು ಆಕಾಶಕ್ಕೆ ರೋಲಕ್ಸ್ ಎಂಬ ಮಿರುಗುವ ಪ್ಲಾಸ್ಟಿಕ್ ಹಾಳೆ ಬಳಸಿದರು. ನೋಡುವವರು ಕದಲಿದಂತೆ ಅದರ ಮೈ ಅಲೆಯಾಡುತ್ತದೆ. 1965ರ ‘ಮೂನ್‌ಸ್ಕೇಪ್’ ಅಂಥ ನೀಲಿ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ್ದು, ಅಂದರೆ ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಇಂಕ್ ಎಳೆದದ್ದು. ನಮ್ಮಲ್ಲಿ ಲಗ್ನಪತ್ರಿಕೆಗೆ, ಉಡುಗೊರೆ ಸುತ್ತಲು ಬಳಸುವ ಮಿರುಗು ಹಾಳೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೆರೆಯ ಆಕಾರಕ್ಕೆ ಕತ್ತರಿಸಿ, ನಡುವಿನ ವಿವೇಕಾನಂದರ ಪ್ರತಿಮೆಯನ್ನೂ ದಡವನ್ನೂ ಕಪ್ಪು ಆಕಾರ ಮಾತ್ರವಾಗಿ ಬರೆಯಿರಿ. ಹಾಳೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಒಣಗಿದ ಮೇಲೆ ಪದರಾಗಿ ಏಳುತ್ತದೆ. ಬಣ್ಣ ಬೀಳುವ ಜಾಗವನ್ನಷ್ಟೇ 400 ನಂಬರ್ ಕಾಗದದಿಂದ ಮೆಲ್ಲಗೆ ಉಜ್ಜಿ, ಇಲ್ಲವೇ ಪ್ಲಾಸ್ಟಿಕ್ಕಿಗೆಂದೇ ಇರುವ ಸ್ಕ್ರೀನ್ ಇಂಕ್ ಬಳಸಿ. ತೂಗುಹಾಕುವಾಗ ಬೆಳಕು ಪಕ್ಕದಿಂದ ಬೀಳಲಿ.

ನಮ್ಮದು ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಕಪ್ಪತಗುಡ್ಡ ಮತ್ತು ಅದರ ಮೇಲಿನ ಗಾಳಿ ಗಿರಣಿಗಳ ಫೋಟೊವನ್ನು ನಾಲ್ಕು ಬಣ್ಣದಲ್ಲಿ, ದೊಡ್ಡ ಚುಕ್ಕಿಯಲ್ಲಿ, ಎ3 ಹಾಳೆಯ ಮೇಲೆ ಮಾಡಿದೆವು. ಒಂದು, ಹೂವಿನಂಥ ಬೇಡದ ವಿನ್ಯಾಸ ಮೂಡಿತು. ಎರಡು, ಬಣ್ಣಗಳು ಒಂದರ ಮೇಲೊಂದು ಕೂಡಲಿಲ್ಲ. ಮೂರು, ಗಿರಣಿಯ ರೆಕ್ಕೆಗಳೇ ಮಾಯ. ಫ್ರೇಮಿನ ಬಟ್ಟೆಗೆ ಚಿತ್ರ ಇಳಿಸಲು ಬಟರ್ ಪೇಪರ್ ಪಾಸಿಟಿವ್ ಬಳಸಿದ್ದೆವು.
— ಮುದ್ರಕರು, ಗದಗ

ಮುದ್ರಣ ಕಾಶಿ ಎನ್ನಿಸಿಕೊಂಡ ಊರಿನಿಂದ ಈ ಪ್ರಶ್ನೆ ಬಂದದ್ದು ನಮಗೆ ನಿಜಕ್ಕೂ ಖುಷಿ. ಪಾಪ್ ಕಲೆ ಹುಟ್ಟಿದ್ದೇ ನಿಮ್ಮಂಥವರ ಮೇಜಿನ ಮೇಲೆ. ವಾರ್ಹಾಲ್ ಬಳಸಿದ್ದೂ ಇದೇ ಫ್ರೇಮು, ಇದೇ ಬಟ್ಟೆ, ಇಂಕ್ ಎಳೆಯುವ ಇದೇ ಸ್ಕ್ವೀಜಿ.

ಮೊದಲನೆಯ ತೊಂದರೆ ಕೋನದ್ದು. ಎರಡು ಬಣ್ಣದ ಚುಕ್ಕಿ ಸಾಲುಗಳ ಕೋನ ತೀರಾ ಹತ್ತಿರ ಇದ್ದರೆ ಬೇಡದ ವಿನ್ಯಾಸ ಹುಟ್ಟುತ್ತದೆ. ಗಾಢ ಬಣ್ಣಗಳ ನಡುವೆ 30 ಡಿಗ್ರಿ ಅಂತರ ಬೇಕು. ಆಫ್‌ಸೆಟ್‌ನಲ್ಲಿ ರೂಢಿಯಿರುವುದು ನೀಲಿಗೆ 15, ಕೆಂಪಿಗೆ 75, ಹಳದಿಗೆ 0, ಕಪ್ಪಿಗೆ 45. ಹಳದಿ ಪಕ್ಕದ ಬಣ್ಣಕ್ಕೆ 15 ಡಿಗ್ರಿ ಅಂತರದಲ್ಲೇ ಇದ್ದರೂ ತಿಳಿ ಬಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಆದರೆ ಸ್ಕ್ರೀನ್‌ನಲ್ಲಿ ಇನ್ನೊಂದು ಜಾಲರಿ ಇದೆಯಲ್ಲ, ನಿಮ್ಮ ಬಟ್ಟೆಯದೇ! ಅದರ ಎಳೆಗಳು 0 ಮತ್ತು 90ರಲ್ಲಿ ಓಡುತ್ತವೆ, ಹಳದಿಯ ಜೊತೆ ಜಗಳಕ್ಕೆ ನಿಲ್ಲುತ್ತವೆ. ಅದಕ್ಕೇ ನಾಲ್ಕೂ ಕೋನಗಳನ್ನು 7.5 ಡಿಗ್ರಿ ಸರಿಸಿ: 22.5, 82.5, 7.5, 52.5. ಬಟ್ಟೆಯನ್ನು ಫ್ರೇಮಿಗೆ ಓರೆಯಾಗಿ ಬಿಗಿದರೆ ಈ ಲೆಕ್ಕವೆಲ್ಲ ತಲೆಕೆಳಗು, ಎಳೆ ನೆಟ್ಟಗಿದೆಯೇ ಎಂದು ಮೊದಲು ನೋಡಿ.

ಚುಕ್ಕಿಯ ಒರಟುತನಕ್ಕೆ ಇಂಚಿಗೆ 20–25 ಸಾಲು ಇಟ್ಟುಕೊಳ್ಳಿ. ದಿನಪತ್ರಿಕೆಯಲ್ಲಿ ಇಂಚಿಗೆ 85–100 ಸಾಲು ಇರುತ್ತವೆ. ನಿಮ್ಮದು ಅದರ ಕಾಲು ಭಾಗ, ಹಾಗಾಗಿ ಕೈಯಳತೆಯಲ್ಲಿ ಚುಕ್ಕಿ ಎಣಿಸಬಹುದು. ಬಟ್ಟೆಯ ಎಳೆ ಇಂಚಿಗೆ ಚುಕ್ಕಿ ಸಾಲಿನ ಐದು ಪಟ್ಟಾದರೂ ಇರಬೇಕು. 25 ಸಾಲಿಗೆ 125 ಎಳೆ ಎಂದಾಯಿತು, ಆದರೆ ಅಷ್ಟಕ್ಕೇ ನಿಂತರೆ ಚುಕ್ಕಿಯ ಅಂಚು ಗರಗಸದ ಹಲ್ಲಿನಂತೆ ಬರುತ್ತದೆ. ಸೆಂಟಿಮೀಟರಿಗೆ 77 ಅಥವಾ 90 ಎಳೆಯ ಬಟ್ಟೆ ಬಿಗಿಸಿ.

ಎರಡನೆಯದಕ್ಕೆ ಕಾರಣ ಬಹುತೇಕ ಬಟರ್ ಪೇಪರೇ. ಲೇಸರ್ ಪ್ರಿಂಟರಿನ ಬಿಸಿ ರೋಲರ್ ಮೂಲಕ ಹೋಗುವಾಗ ಅದರ ತೇವ ಆರಿ ಕುಗ್ಗುತ್ತದೆ. ನಾಲ್ಕು ಹಾಳೆ ನಾಲ್ಕು ಥರ ಕುಗ್ಗಿದರೆ ಮೂಲೆಯ ಗುರುತು ಕೂಡುವುದೇ ಇಲ್ಲ. ಖಾಲಿ ಹಾಳೆಗಳನ್ನು ಒಮ್ಮೆ ಪ್ರಿಂಟರಿನಲ್ಲಿ ಓಡಿಸಿ ಕುಗ್ಗಿಸಿ, ಕೂಡಲೇ ಅವುಗಳ ಮೇಲೇ ಪಾಸಿಟಿವ್ ತೆಗೆಯಿರಿ. ನಾಲ್ಕನ್ನೂ ಒಂದೇ ಹೊತ್ತಿಗೆ ತೆಗೆಯಿರಿ, ಒಂದನ್ನು ಇವತ್ತು ಇನ್ನೊಂದನ್ನು ನಾಳೆ ಬೇಡ. ದೊಡ್ಡ ಕೆಲಸವಿದ್ದರೆ ಫಿಲ್ಮ್‌ಗೆ ಹೋಗುವುದೇ ಮೇಲು. ಕಾಗದವೂ ಹಿಗ್ಗಿ ಕುಗ್ಗುತ್ತದೆ, ಮಳೆಗಾಲದಲ್ಲಂತೂ ಹೆಚ್ಚು. ಹಾಳೆಗಳನ್ನು ಒಂದು ದಿನ ಮುಂಚೆಯೇ ಬಿಚ್ಚಿ ಕೆಲಸದ ಕೋಣೆಯಲ್ಲಿ ಹರಡಿ. ಫ್ರೇಮಿಗೂ ಹಾಳೆಗೂ 2–3 ಮಿ.ಮೀ. ಸಂದು ಇರಲಿ. ಸಂದು ಹೆಚ್ಚಾದರೆ ಬಟ್ಟೆ ಜಗ್ಗಿ ಚಿತ್ರವೇ ಹಿಗ್ಗುತ್ತದೆ. ಹಳದಿ, ಕೆಂಪು, ನೀಲಿ, ಕಪ್ಪು ಈ ಕ್ರಮದಲ್ಲಿ ಎಳೆಯಿರಿ, ನಾಲ್ಕಕ್ಕೂ ಒಂದೇ ಒತ್ತಡ, ಒಂದೇ ಕಡೆಯಿಂದ.

ಮೂರನೆಯದು ಮುದ್ರಣದ ತಪ್ಪಲ್ಲ, ಚಿತ್ರದ ತಪ್ಪು. ಇಂಚಿಗೆ 25 ಸಾಲು ಎಂದರೆ ಚುಕ್ಕಿಗಳ ನಡುವೆ 1 ಮಿ.ಮೀ. ಅಂತರ. ಅದಕ್ಕಿಂತ ತೆಳುವಾದ ರೆಕ್ಕೆ ಚುಕ್ಕಿಗಳ ನಡುವೆ ಕಳೆದುಹೋಗುತ್ತದೆ. ಗಿರಣಿಗಳನ್ನು ಫೋಟೊದಿಂದ ತೆಗೆದುಹಾಕಿ, ಕಪ್ಪು ಬಣ್ಣದ ಫ್ರೇಮಿನಲ್ಲಿ ಕೈಯಿಂದ ಬರೆದ ಗೆರೆಯಾಗಿ ಸೇರಿಸಿ. ಹತ್ತು ಗಿರಣಿ ಬೇಡ, ಎರಡು ಸಾಕು, ಒಂದು ಹಾಳೆಯ ಅಂಚಿನಿಂದ ಹೊರಗೆ ಹೋಗುವಷ್ಟು ದೊಡ್ಡದು. ಗುಡ್ಡದ ಫೋಟೊವನ್ನು ಚುಕ್ಕಿ ಮಾಡುವ ಮುಂಚೆ ಮೂರೇ ಛಾಯೆಗೆ ಇಳಿಸಿ: ಬಿಸಿಲು, ನಡುನೆರಳು, ಗಾಢ ನೆರಳು. ಕಪ್ಪತಗುಡ್ಡದ ಕೆಮ್ಮಣ್ಣು, ಮಳೆಯ ನಂತರದ ಹಸಿರು ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಬೇಡಿ.

ಒಮ್ಮೆ ಫ್ರೇಮು ಸಿದ್ಧವಾದ ಮೇಲೆ ನಿಜವಾದ ಆಟ ಶುರು. ವಾರ್ಹಾಲ್ 1972ರಲ್ಲಿ ಮಿನಿಯಾಪೊಲಿಸ್‌ನ ಒಂದು ಹೋಟೆಲಿಗಾಗಿ ‘ಸನ್‌ಸೆಟ್’ ಮಾಡಿದಾಗ ಒಂದೇ ಸೂರ್ಯಾಸ್ತವನ್ನು ಬಣ್ಣ ಬದಲಿಸುತ್ತ 632 ಬೇರೆ ಬೇರೆ ಪ್ರತಿಗಳಾಗಿ ಎಳೆದರು. ನೀವು ಒಂದೇ ಜೊತೆ ಫ್ರೇಮಿನಲ್ಲಿ ಇಪ್ಪತ್ತು ಕಪ್ಪತಗುಡ್ಡ ಎಳೆಯಿರಿ, ಯಾವೆರಡೂ ಒಂದೇ ಬಣ್ಣದಲ್ಲಿ ಬೇಡ. ಆಕಾಶಕ್ಕೆ ರಷೇ ಅವರ ಉಪಾಯ ನೋಡಿ. 1966ರ ‘ಸ್ಟ್ಯಾಂಡರ್ಡ್ ಸ್ಟೇಷನ್’ನಲ್ಲಿ ಎರಡು ಇಂಕನ್ನು ಒಂದೇ ಫ್ರೇಮಿನಲ್ಲಿ ಅಕ್ಕಪಕ್ಕ ಸುರಿದು ಒಂದೇ ಎಳೆತಕ್ಕೆ ಎಳೆದಿದ್ದಾರೆ, ನಡುವೆ ಬಣ್ಣ ತಾನೇ ಬೆರೆಯುತ್ತದೆ. ಮೊದಲ ಐದಾರು ಹಾಳೆ ಹಾಳಾಗುತ್ತವೆ, ಅವನ್ನು ರದ್ದಿ ಕಾಗದದ ಮೇಲೆ ಎಳೆಯಿರಿ. ಇಪ್ಪತ್ತರ ಹೊತ್ತಿಗೆ ನಡುಭಾಗ ಕಲಕುತ್ತದೆ, ಆಗ ಇಂಕ್ ಬಾಚಿ ತೆಗೆದು ಹೊಸದು ಹಾಕಿ. ಹಳದಿ-ಕೆಂಪು ಬೆರೆತರೆ ಚೆಂದದ ಕೇಸರಿ. ನೀಲಿ-ಕೇಸರಿ ಬೆರೆತರೆ ಕೆಸರು.

ಮೊಬೈಲ್ ಆ್ಯಪ್‌ನಲ್ಲಿ ಮಾಗಡಿ ಕೆರೆಯ ಹಕ್ಕಿಗಳ ಫೋಟೊ ‘ಪಾಪ್ ಆರ್ಟ್’ ಆಗಿ ಬಂತು. ಪ್ರಿಂಟ್ ಹಾಕಿಸಿದರೆ ಚುಕ್ಕಿಗಳೆಲ್ಲ ಮಸುಕು. ಯಾಕೆ?
— ಗೃಹಿಣಿ, ಲಕ್ಷ್ಮೇಶ್ವರ

ಆ್ಯಪ್ ಚುಕ್ಕಿ ಹಾಕುವುದು ಮೊಬೈಲ್ ಪರದೆಯ ಅಳತೆಗೆ. ಅದನ್ನು ಎ3ಗೆ ಹಿಗ್ಗಿಸಿದಾಗ ಅಂಚು ಕದಡುತ್ತದೆ. ಜೊತೆಗೆ ನೀವು ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರೆ ಅದು ಕಡತವನ್ನು ಮತ್ತೆ ಕುಗ್ಗಿಸಿರುತ್ತದೆ. ಚುಕ್ಕಿಯಂಥ ಚೂಪು ಅಂಚಿಗೆ ಇದೇ ಮೊದಲ ಶತ್ರು. ಡಾಕ್ಯುಮೆಂಟ್ ಆಗಿ ಕಳಿಸಿ, ಪಿಎನ್‌ಜಿ ಇರಲಿ.

ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಹೀಗೆ ಮಾಡಿ. ಮೂಲ ಫೋಟೊವನ್ನು ಮೊದಲೇ ಎ3 ಅಳತೆಗೆ, ಇಂಚಿಗೆ 300 ಪಿಕ್ಸೆಲ್‌ನಂತೆ 4961×3508ಕ್ಕೆ ತನ್ನಿ. ‘ಪೋಸ್ಟರೈಸ್’ನಲ್ಲಿ ಛಾಯೆಯನ್ನು 4ಕ್ಕೆ ಇಳಿಸಿ. ಕೊನೆಗೆ ‘ನ್ಯೂಸ್‌ಪ್ರಿಂಟ್’ ಫಿಲ್ಟರಿನಲ್ಲಿ ಚುಕ್ಕಿಯ ಅಂತರ 35 ಪಿಕ್ಸೆಲ್ ಕೊಡಿ, ಅಚ್ಚಿನಲ್ಲಿ ಅದು 3 ಮಿ.ಮೀ. ಆಗುತ್ತದೆ. ಪರದೆಯ ಮೇಲೆ ಚಿತ್ರ ಚಿಕ್ಕದಾಗಿ ಕಂಡಾಗ ವಿಚಿತ್ರ ಅಲೆಗಳು ಕಾಣಬಹುದು, ಶೇ 100ಕ್ಕೆ ಹಿಗ್ಗಿಸಿ ನೋಡಿಯೇ ತೀರ್ಮಾನಿಸಿ. ಹಕ್ಕಿಗಳ ದಂಡಿನಲ್ಲಿ ಒಂದೇ ಪಟ್ಟೆತಲೆ ಹೆಬ್ಬಾತನ್ನು ಆರಿಸಿ ದೊಡ್ಡದು ಮಾಡಿ. ಬಿಳಿ ತಲೆಯ ಹಿಂದಿನ ಆ ಎರಡು ಕಪ್ಪು ಪಟ್ಟೆಗಳನ್ನು ಚುಕ್ಕಿ ಮಾಡದೆ ಗಟ್ಟಿ ಕಪ್ಪಾಗಿಯೇ ಬಿಡಿ. ಯಾವುದು ಚುಕ್ಕಿ, ಯಾವುದು ಗಟ್ಟಿ ಎಂಬ ಆಯ್ಕೆ ಆ್ಯಪ್ ಮಾಡಿಕೊಡುವುದಿಲ್ಲ. ಅದನ್ನು ನೀವು ಮಾಡಿದಾಗ ಅದು ನಿಮ್ಮ ಚಿತ್ರ.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯನ್ನು ಪಾಪ್ ಚಿತ್ರ ಮಾಡಬೇಕೆಂದಿದ್ದೇನೆ. ಹೊಳೆಯುವ ಫ್ಲೋರೊಸೆಂಟ್ ಕೆಂಪು ತಂದಿದ್ದೇನೆ. ಸರಿಯೇ?
— ಹವ್ಯಾಸಿ ಕಲಾವಿದರು, ಹಾವೇರಿ

ಬಿಸಿಲು ಬೀಳುವ ಗೋಡೆಗೆ ಖಂಡಿತ ಬೇಡ, ಕೆಲವೇ ವಾರದಲ್ಲಿ ಮಾಸಿ ಪೇಲವವಾಗುತ್ತದೆ. ಟ್ಯೂಬಿನ ಮೇಲೆ ನ್ಯಾಫ್ತಾಲ್ ಅಥವಾ ಪೈರೋಲ್ ಎಂದಿರುವ ಕೆಂಪು ಕೊಳ್ಳಿ. ಬ್ಯಾಡಗಿ ಕಾಯಿಯ ಹೆಸರು ಇರುವುದೇ ಖಾರಕ್ಕಿಂತ ಬಣ್ಣಕ್ಕಾಗಿ. ಅದರ ಕಡುಗೆಂಪಿಗೆ ಪೈರೋಲ್ ಹೆಚ್ಚು ಹತ್ತಿರ.

ರಾಶಿಯ ಒಂದೊಂದು ಕಾಯಿಯನ್ನೂ ಬರೆಯಲು ಹೋಗಬೇಡಿ. ಒಂದೇ ಕಾಯಿ ಇಡೀ ಚಿತ್ರದ ಅರ್ಧದಷ್ಟು ದೊಡ್ಡದಿರಲಿ, ಉಳಿದ ರಾಶಿಯೆಲ್ಲ ಚುಕ್ಕಿ. ಆ ಒಂದು ಕಾಯಿಯ ಸುಕ್ಕನ್ನು ಕೈಯಲ್ಲಿ ಹಿಡಿದು ನೋಡಿ: ತೊಟ್ಟಿನ ಬಳಿ ಒತ್ತಾಗಿ, ನಡುವೆ ಅಗಲವಾಗಿ, ತುದಿಯಲ್ಲಿ ತಿರುಚಿಕೊಂಡು ಓಡುತ್ತದೆ. ಅದನ್ನು ನಾಲ್ಕೈದು ಕಪ್ಪು ಗೆರೆಗೆ ಇಳಿಸಿ, ಪ್ರತಿ ಗೆರೆಯೂ ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು. ಮಗ್ಗುಲಲ್ಲಿ ಒಂದು ಬಿಳಿ ಹೊಳಪು. ಕೆಂಪು ಚುಕ್ಕಿ ಬಿಳಿಯ ಮೇಲೆ ಬಿದ್ದರೆ ದೂರಕ್ಕೆ ಗುಲಾಬಿಯಾಗಿ, ಹಳದಿಯ ಮೇಲೆ ಬಿದ್ದರೆ ಕೇಸರಿಯಾಗಿ ಕಾಣುತ್ತದೆ. ಮೆಣಸಿನಕಾಯಿಗೆ ಗುಲಾಬಿ ಒಪ್ಪುವುದಿಲ್ಲ, ಹಾಗಾಗಿ ತಳಕ್ಕೆ ಹಳದಿ ಹಚ್ಚಿ.

ಶೈಲಿಯನ್ನು ಅಮೆರಿಕದ ಕಾಮಿಕ್ಸ್‌ನಿಂದಲೇ ತರಬೇಕೆಂದಿಲ್ಲ. ಚೀಲದ ಮೇಲೆ ತಗಡಿನ ಅಚ್ಚಿಟ್ಟು ಹೊಡೆಯುವ ಅಕ್ಷರ, ಅಂಕಿ ಇವೆಯಲ್ಲ, ಅದೇ ನಿಮ್ಮ ಊರಿನ ಮಾಧ್ಯಮ. ಅಚ್ಚಿನ ಅಕ್ಷರದಲ್ಲಿ ಸುತ್ತು ಪೂರ್ತಿ ಕೂಡದೆ ನಡುವೆ ಸಣ್ಣ ಸಂದು ಉಳಿದಿರುತ್ತದೆ. ಅದನ್ನು ಹಾಗೇ ಉಳಿಸಿಕೊಳ್ಳಿ.

ಹಳೇ ಕ್ಯಾಲೆಂಡರಿನ ಜಲಪಾತದ ಚಿತ್ರ ಕತ್ತರಿಸಿ ಕೊಲಾಜ್ ಮಾಡಿ ಪ್ರದರ್ಶನದಲ್ಲಿ ಮಾರಬಹುದೇ?
— ಓದುಗರು, ಧಾರವಾಡ

ಕಲಿಕೆಗೆ ಮಾಡಿ ಮನೆಯಲ್ಲಿಟ್ಟುಕೊಂಡರೆ ಚಿಂತೆಯಿಲ್ಲ, ಮಾರಾಟ ಬೇರೆ ಮಾತು. ವಾರ್ಹಾಲ್ ಬಳಸಿದ ದಾಸವಾಳದ ಫೋಟೊ ತೆಗೆದವರು ಪೆಟ್ರಿಷಿಯಾ ಕಾಲ್‌ಫೀಲ್ಡ್. ಅವರು 1966ರಲ್ಲಿ ದಾವೆ ಹೂಡಿದರು, ಕೊನೆಗೆ ರಾಜಿಯಾಯಿತು. ನಮ್ಮ ಕಾಯ್ದೆಯಂತೆ ಚಿತ್ರಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳು ಈಗ ಎಲ್ಲರವು. ಕಲಬುರಗಿಯಲ್ಲಿ ಹುಟ್ಟಿ ಕ್ಯಾಲೆಂಡರ್ ಕಲೆಯಲ್ಲಿ ಹೆಸರಾದ ಎಸ್.ಎಂ. ಪಂಡಿತ್ 1993ರವರೆಗೆ ಬದುಕಿದ್ದರು, ಅವರವು ಇನ್ನೂ ಅಲ್ಲ. ಕ್ಯಾಲೆಂಡರಿನ ಶೈಲಿಯನ್ನು ಮಾತ್ರ ತೆಗೆದುಕೊಳ್ಳಿ, ಜಲಪಾತದ ಫೋಟೊ ನೀವೇ ತೆಗೆಯಿರಿ. ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ.

ಶಾಲೆಯ ಕಂಪೌಂಡ್ ಗೋಡೆ, 12×6 ಅಡಿ. ಕೃಷ್ಣಮೃಗದ ಪಾಪ್ ಚಿತ್ರ ಬರೆಸಬೇಕು. 3 ಮಿ.ಮೀ. ಚುಕ್ಕಿ ರಸ್ತೆಯಿಂದ ಕಾಣುವುದೇ ಇಲ್ಲ. ಏನು ಮಾಡಲಿ?
— ಶಿಕ್ಷಕಿ, ರಾಣೆಬೆನ್ನೂರು

ಚುಕ್ಕಿ 4 ಸೆಂ.ಮೀ. ಇರಲಿ, ನಡುವಿನಿಂದ ನಡುವಿಗೆ 6.5 ಸೆಂ.ಮೀ. ಮುಚ್ಚುವ ಜಾಗ ಶೇ 34ರ ಆಸುಪಾಸು ಬರುತ್ತದೆ. ಇಷ್ಟು ದೊಡ್ಡ ತೂತಿನ ಪತ್ರಾ ಹುಡುಕಬೇಡಿ. ಬಳಸಿ ಬಿಟ್ಟ ಫ್ಲೆಕ್ಸ್ ಬ್ಯಾನರ್ 3×3 ಅಡಿ ಕತ್ತರಿಸಿ, ಅದರಲ್ಲಿ ತೂತು ಹಾಕಿ. ಕತ್ತರಿಯಿಂದ ದುಂಡಗೆ ಬರುವುದಿಲ್ಲ. 4 ಸೆಂ.ಮೀ. ಕಬ್ಬಿಣದ ಪೈಪಿನ ತುದಿಯನ್ನು ಚೂಪು ಮಾಡಿಸಿ, ಕೆಳಗೆ ಮರದ ಹಲಗೆ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಸುಮಾರು 180 ತೂತು, ಇಬ್ಬರಿಗೆ ಅರ್ಧ ದಿನದ ಕೆಲಸ.

ಗೋಡೆಗೆ ಸುಣ್ಣ ಬಳಿದಿದ್ದರೆ ಕೆರೆದು ತೆಗೆಯಲೇಬೇಕು. ಸುಣ್ಣದ ಮೇಲೆ ಹಚ್ಚಿದ ಎಮಲ್ಷನ್ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ತಳದಲ್ಲಿ ತೇವ ಏರಿ ಉಪ್ಪು ಹೊಮ್ಮಿದ್ದರೆ ಕೆಳಗಿನ ಒಂದು ಅಡಿ ಚಿತ್ರ ಬೇಡ, ಬರೀ ಕಪ್ಪು ಪಟ್ಟಿ ಇರಲಿ, ಎರಿ ಮಣ್ಣಿನಂತೆ. ಹೊರಗೋಡೆಯ ಪ್ರೈಮರ್ 1 ಲೀಟರ್, ಬಿಳಿ ಎಮಲ್ಷನ್ ಎರಡು ಸಲ ಹಚ್ಚಲು ಒಂದೂವರೆ ಲೀಟರ್, ಉಳಿದ ಹಳದಿ, ನೀಲಿ, ಕಪ್ಪು ಅರ್ಧರ್ಧ ಲೀಟರ್ ಸಾಕು.

12×6 ಇಂಚಿನ ಕಾಗದದ ಮೇಲೆ ಚಿತ್ರ ಮಾಡಿ ಇಂಚಿಗೊಂದು ಚೌಕ ಎಳೆಯಿರಿ. ಗೋಡೆಯ ಮೇಲೆ ಅಡಿಗೊಂದು ಚೌಕ, ನೀಲಿಪುಡಿ ಸವರಿದ ದಾರ ಹಿಡಿದು ಚಿಮ್ಮಿದರೆ ಗೆರೆ ನೆಟ್ಟಗೆ ಬೀಳುತ್ತದೆ. ಇಲ್ಲಿ ನಿಮ್ಮೂರ ಹಳೇ ಬೋರ್ಡ್ ಪೇಂಟರ್ ಒಬ್ಬರನ್ನು ದಯವಿಟ್ಟು ಕರೆಯಿರಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಆ ಕೈಗಳಿಗೆ ಈ ವಿದ್ಯೆಯೆಲ್ಲ ಗೊತ್ತು. ಪಾಪ್ ಕಲೆಯ ದೊಡ್ಡ ಹೆಸರುಗಳಲ್ಲೊಬ್ಬರಾದ ಜೇಮ್ಸ್ ರೋಸೆನ್‌ಕ್ವಿಸ್ಟ್ ಕೂಡ ನ್ಯೂಯಾರ್ಕಿನಲ್ಲಿ ಹೋರ್ಡಿಂಗ್ ಬರೆಯುತ್ತಿದ್ದವರೇ.

ಚಿತ್ರಕ್ಕೆ ನಮ್ಮ ಸಲಹೆ ಇದು. ಗಂಡು ಕೃಷ್ಣಮೃಗದ ಬೆನ್ನು ಗಟ್ಟಿ ಕಪ್ಪು, ಹೊಟ್ಟೆ ಗೋಡೆಯ ಬಿಳಿಯೇ, ತಿರುಚಿದ ಕೊಂಬು ಕಪ್ಪು-ಬಿಳಿ ಉಂಗುರ. ನೆಗೆಯುತ್ತಿರುವ ಭಂಗಿ, ರಸ್ತೆ ಬದಿಯ ಎಚ್ಚರಿಕೆ ಫಲಕದ ಪ್ರಾಣಿಯಂತೆ ಪಕ್ಕದ ನೋಟ. ಹಿಂದೆ ಹಳದಿ ಚುಕ್ಕಿಯ ಹುಲ್ಲುಗಾವಲು. ನಿಮ್ಮೂರ ಕೃಷ್ಣಮೃಗ ಅಭಯಾರಣ್ಯದ ನೀಲಗಿರಿ ನೆಡುತೋಪನ್ನು ಪೊಟ್ಟಣದ ಮೇಲಿನ ಬಾರ್‌ಕೋಡಿನ ಹಾಗೆ ದಪ್ಪ-ತೆಳು ನೆಟ್ಟ ಪಟ್ಟಿಗಳಾಗಿ ಇಳಿಸಿ.

ಫ್ಲೆಕ್ಸನ್ನು ಗೋಡೆಗೆ ನಾಲ್ಕೂ ಮೂಲೆ ಟೇಪ್ ಹಚ್ಚಿ, ನಡುವೆ ಒಬ್ಬರು ಅಂಗೈಯಿಂದ ಒತ್ತಿ ಹಿಡಿಯಬೇಕು. ಸ್ಪಂಜಿನ ಸಣ್ಣ ರೋಲರನ್ನು ಬಣ್ಣದಲ್ಲಿ ಹೊರಳಿಸಿ, ತಗಡಿನ ಮೇಲೆ ಎರಡು ಸಲ ಹಿಂಡಿದ ಮೇಲೆಯೇ ಹಚ್ಚಿ. ಒರಟು ಗಾರೆಯ ಗೋಡೆಯಾದರೆ ರೋಲರ್ ಬಿಟ್ಟು, ಬಟ್ಟೆ ಉಂಡೆಯಿಂದ ತಟ್ಟಿ. ಇಲ್ಲದಿದ್ದರೆ ಬಣ್ಣ ಗುಂಡಿಗಳಲ್ಲಿ ಇಳಿದು ಚುಕ್ಕಿಯಿಂದ ಕೆಳಕ್ಕೆ ಸೋರುತ್ತದೆ. ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಕೆಲಸ ಬೇಡ. ಕಾದ ಗೋಡೆಗೆ ಫ್ಲೆಕ್ಸ್ ಮೆತ್ತಗಾಗಿ ಜೋಲುತ್ತದೆ, ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ.